ಎಣ್ಣೆ ಮಾತ್ರ ಬೇಡ

ಜನವರಿ 11

ಅತ್ತಿಗೆಯವರಿಗೆ ನಮಸ್ಕಾರಗಳು.

ಇನ್ನು ಮೇಲೆ ಫೋನು ಬೇಡ, ಏನಿದ್ದರೂ ಕಾಗದದಲ್ಲಿ ಬರೆದುಕೊಳ್ಳಿ ಎಂದು ಅಮ್ಮ ಆಣೆ ಹಾಕಿಸಿದ್ದಾಳೆ. ಹೋದ ತಿಂಗಳು ನಾವು ಜಗಳವಾಡಿದ ದಿನ ಅವಳು ಎರಡು ಹೊತ್ತು ಊಟ ಬಿಟ್ಟಳಂತೆ. ಫೋನಿನಲ್ಲಿ ನಾನು ಎಷ್ಟು ಕೂಗಿದರೂ ಅವಳ ಕಿವಿಗೆ ಗುಂಯ್ ಎನ್ನುವುದು ಬಿಟ್ಟು ಏನೂ ಬೀಳುವುದಿಲ್ಲ. ಪಕ್ಕದಲ್ಲಿ ನಿಂತು ನೀವು ಕೂಗಿದ್ದು ಮಾತ್ರ ಪೂರ್ತಿ ಕೇಳಿಸಿದೆ. ನಿಮ್ಮ ಗಂಟಲಿನ ಶಕ್ತಿ ನನಗೆ ಗೊತ್ತಿರುವುದೇ.

ಇದರ ಜೊತೆ ಒಂದು ಪಾರ್ಸೆಲ್ ಬರುತ್ತದೆ. ಒಂದು ಕಿಲೋ ಅಂಟುವಾಳಕಾಯಿ, ಅದನ್ನು ಕಟ್ಟಿ ಬಟ್ಟೆಯ ಜೊತೆ ಹಾಕಲು ನಾಲ್ಕು ಹತ್ತಿಯ ಚೀಲ, ಸೋಪಿಲ್ಲದೆ ಒಗೆಯುವುದನ್ನು ಕಲಿಸುವ ನನ್ನ ತರಗತಿಯ ಕೈಪಿಡಿ, ಒಂದು ಬಾಟಲಿ ನಿಂಬೆಹುಲ್ಲಿನ ಎಣ್ಣೆ. ಎಣ್ಣೆ ಅಂಗಡಿಯದಲ್ಲ. ಹುಲ್ಲು ಬೆಳೆದವಳೂ ನಾನೇ, ಬೇಯಿಸಿ ಆವಿಯಿಂದ ಇಳಿಸಿದವಳೂ ನಾನೇ. ನನ್ನ ತರಗತಿಗೆ ಬರುವ ಹೆಂಗಸರು ಇದಕ್ಕಾಗಿ ಸಾಲು ನಿಲ್ಲುತ್ತಾರೆ.

ನಿಮ್ಮ ಲಾಂಡ್ರಿಯನ್ನು ನೀವು ಬದಲಾಯಿಸುತ್ತೀರಿ ಎಂಬ ಭ್ರಮೆ ನನಗಿಲ್ಲ. ಬಾಗಿಲು ತೆರೆದರೆ ಸಾಕು ಬ್ಲೀಚಿನ ಘಾಟಿಗೆ ಕಣ್ಣು ಉರಿಯುತ್ತದೆ. ಅದರ ಮೇಲೆ ಬಟ್ಟೆ ಮೆದುವಾಗಲೆಂದು ಸುರಿಯುವ ಆ ಗುಲಾಬಿ ಬಣ್ಣದ ದ್ರಾವಣ, ಸತ್ತ ಹೂವಿನ ವಾಸನೆ. ಅದೇ ಗೋಡೆಯ ಹಿಂದೆ ಅಮ್ಮನ ಮಂಚ. ಅಣ್ಣ ಇಪ್ಪತ್ತೆರಡು ವರ್ಷ ಆ ಗಾಳಿ ಕುಡಿದು ಎದೆ ಕಟ್ಟಿ ಹೋದ. ಡಾಕ್ಟರು ಸಿಗರೇಟು ಅಂದರು, ನೀವೂ ಸಿಗರೇಟು ಅಂದಿರಿ. ನಾನು ಏನನ್ನುತ್ತೇನೆ ಎಂಬುದು ನಿಮಗೆ ಗೊತ್ತು.

ಅಮ್ಮನ ಹಾಸಿಗೆ ಬಟ್ಟೆಯನ್ನಾದರೂ ನಾನು ಕಳಿಸಿದ್ದರಲ್ಲಿ ಒಗೆಯಿರಿ. ಅವಳ ಮೈಮೇಲೆ ಒಂದು ಕೆಂಪು ಗೆರೆ ಕಂಡರೂ ಮರುದಿನವೇ ಬಂದು ಕರೆದುಕೊಂಡು ಹೋಗುತ್ತೇನೆ. ಆಮೇಲೆ ಅವಳು ಅತ್ತರೂ ಕೇಳುವುದಿಲ್ಲ, ನೀವು ಕೂಗಿದರೂ ಕೇಳುವುದಿಲ್ಲ.

ಇತಿ,
ನಿಮ್ಮ ಗಂಡನ ತಂಗಿ


ಜನವರಿ 23

ನಾದಿನಿಗೆ ಆಶೀರ್ವಾದ. ನೀನು ಕೇಳಿಲ್ಲ, ಆದರೂ ಇರಲಿ. ಕೇಳದೆ ಕೊಡುವುದನ್ನು ನಿನ್ನಿಂದಲೇ ಕಲಿತೆ.

ಪಾರ್ಸೆಲ್ ಬಂತು. ಬಿಚ್ಚಿದಾಗ ಯಾರೋ ಮೇಕೆ ಹಿಕ್ಕೆ ಕಳಿಸಿದ್ದಾರೆ ಅಂದುಕೊಂಡೆ. ಆಮೇಲೆ ಕೈಪಿಡಿ ಕಂಡಿತು. ‘ನೊರೆಯಿಲ್ಲದ ನಾಳೆ’. ಹೆಸರು ಭರ್ಜರಿಯಾಗಿದೆ. ಸೋಪು ತೀರಿದ ಮನೆಯಲ್ಲೂ ನೊರೆ ಇರುವುದಿಲ್ಲ, ಅವರು ಪುಸ್ತಕ ಬರೆಯುವುದಿಲ್ಲ ಅಷ್ಟೆ.

ಹೊಟ್ಟೆಕಿಚ್ಚಿಗೆ ಬೈಯುತ್ತಾಳೆ ಅನ್ನಬಾರದು ನೋಡು, ಅದಕ್ಕೆ ಪರೀಕ್ಷೆ ಮಾಡಿದೆ. ಮೂಲೆಯ ಹೋಟೆಲಿನ ಅಡುಗೆಯವನ ಆರು ಏಪ್ರನ್ನು ತೆಗೆದುಕೊಂಡು, ನೀನು ಬರೆದಂತೆ ತಣ್ಣೀರಿನಲ್ಲಿ, ಚೀಲಕ್ಕೆ ಎಂಟು ಕಾಯಿ ಕಟ್ಟಿ ಒಗೆದೆ. ಜಿಡ್ಡು ಒಳಗೆ ಹೋದ ಹಾಗೇ ಹೊರಗೆ ಬಂತು. ಸ್ವಲ್ಪ ಒದ್ದೆಯಾಗಿತ್ತು, ಅದೊಂದೇ ವ್ಯತ್ಯಾಸ. ಅಡುಗೆಯವ ಮೂಸಿ ನೋಡಿ, “ಒಗ್ದಿದ್ದೀರಾ, ಇಲ್ಲ ಒಗೀಬೇಕಾ?” ಅಂತ ಕೇಳಿದ.

ಆಮೇಲೆ ಬೀಜ ತೆಗೆದು ಸಿಪ್ಪೆಯನ್ನು ಬಿಸಿನೀರಿನಲ್ಲಿ ಕುದಿಸಿದೆ. ಆಗ ಸ್ವಲ್ಪ ಕೆಲಸ ಮಾಡಿತು. ಸಾರ ಇರುವುದು ಸಿಪ್ಪೆಯಲ್ಲಿ, ಅದು ಬಿಡುವುದು ಬಿಸಿಗೆ. ಇದನ್ನು ಹೇಳಿಕೊಟ್ಟವರು ನಿಮ್ಮಮ್ಮ. ನೀನು ಹುಟ್ಟುವ ಮೊದಲು ಅವರು ಊರವರ ಬಟ್ಟೆ ಒಗೆಯುತ್ತಿದ್ದದ್ದು ಇದರಲ್ಲೇ ಅಂತೆ. ಸೋಪಿನ ಪುಡಿ ಬಂದ ದಿನ ಬಿಟ್ಟರಂತೆ, ಮತ್ತೆ ತಿರುಗಿ ನೋಡಲಿಲ್ಲವಂತೆ. ಇನ್ನೊಂದು ವಿಷಯ, ಕುದಿಸಿದರೆ ನಿನ್ನ ಅಂಟುವಾಳವೂ ನೊರೆ ಬಿಡುತ್ತದೆ. ಪುಸ್ತಕದ ಹೆಸರು ಬದಲಾಯಿಸು.

ಹನ್ನೆರಡನೇ ಪುಟದಲ್ಲಿ, ಕೊನೆಯ ನೀರಿಗೆ ವಿನೆಗರ್ ಸುರಿಯಿರಿ ಅಂತ ಬರೆದಿದ್ದೀಯ. ಬ್ಲೀಚ್ ಹಾಕಿದ ಯಂತ್ರದ ಡ್ರಮ್ಮಿಗೆ ಸುರಿದರೆ ಏನಾಗುತ್ತದೆ ಅಂತ ಯಾಕೆ ಬರೆದಿಲ್ಲ? ವಿಷದ ಗಾಳಿ ಏಳುತ್ತದೆ, ಉಸಿರು ಕಟ್ಟುತ್ತದೆ. ‘ನಮ್ಮವರು ಬ್ಲೀಚ್ ಮುಟ್ಟುವುದಿಲ್ಲ’ ಅನ್ನುತ್ತೀಯ. ನಿನ್ನ ತರಗತಿಯ ಹೆಂಗಸರು ಮನೆಗೆ ಹೋಗಿ ಏನೇನು ಮುಟ್ಟುತ್ತಾರೆ ಅಂತ ನೀನು ಇಣುಕಿ ನೋಡುತ್ತೀಯಾ? ಗಿಡದಿಂದ ಬಂದದ್ದೆಲ್ಲ ಸಾಧು ಅಂತ ನಿನಗೆ ಯಾರು ಹೇಳಿದರೋ.

ಎಣ್ಣೆಯ ಮುಚ್ಚಳ ತೆಗೆದು ಅತ್ತೆಯ ಮೂಗಿನ ಹತ್ತಿರ ಹಿಡಿದೆ. ಕಣ್ಣು ಮಂಜು, ಕಿವಿ ಮಂದ, ಮೂಗು ಮಾತ್ರ ಇನ್ನೂ ಬೆಕ್ಕಿನದು. “ಅಯ್ಯೋ, ನನ್ ಮಗಳು ಬಂದ್ಲು!” ಅಂತ ಎದ್ದು ಕೂತರು. “ಬಂದಿಲ್ಲ ಅತ್ತೆ, ಬಾಟ್ಲಿ ಬಂದಿದೆ” ಅಂದೆ. ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ. ಅವರ ಬಟ್ಟೆ ಜಾಲಿಸುವ ನೀರಿಗೆ ಹಾಕಬೇಕಂತೆ. ಹಾಕುತ್ತಿದ್ದೇನೆ.

ಅತ್ತೆ ಚೆನ್ನಾಗಿದ್ದಾರೆ.

ಇತಿ,
ಗಾಳಿ ಕೆಡಿಸುವ ಅತ್ತಿಗೆ


ಫೆಬ್ರುವರಿ 9

ಅತ್ತಿಗೆಯವರಿಗೆ,

ಹೋಟೆಲಿನ ಜಿಡ್ಡಿನ ಏಪ್ರನ್ನಿನ ಮೇಲೆ ಪರೀಕ್ಷೆ ಮಾಡಿದ್ದೀರಿ. ಸೋಲಲಿ ಎಂದೇ ಮಾಡಿದ ಪರೀಕ್ಷೆ. ನಾಳೆ ಡಾಂಬರು ಬಳಿದ ಗೋಣಿಚೀಲ ಒಗೆದು ನೋಡಿ, ಅದರ ಬಗ್ಗೆಯೂ ಎರಡು ಪುಟ ಬರೆಯಬಹುದು.

ಬಿಸಿನೀರಿನ ವಿಷಯ ಮುಂದಿನ ಮುದ್ರಣದಲ್ಲಿ ಸೇರಿಸುತ್ತೇನೆ. ಅದು ಅಮ್ಮ ಹೇಳಿದ್ದರಿಂದ, ನೀವು ಹೇಳಿದ್ದರಿಂದಲ್ಲ. ವಿನೆಗರಿನ ಎಚ್ಚರಿಕೆ ನನ್ನ ಓದುಗರಿಗೆ ಬೇಕಿಲ್ಲ, ಅವರು ನಿಮ್ಮಂಥವರಲ್ಲ.

ಆದರೆ ಒಂದು ಮಾತಿಗೆ ನಿಮಗೆ ಋಣಿ. ಎಣ್ಣೆ ಮೂಸಿ ಅಮ್ಮ ‘ಮಗಳು ಬಂದಳು’ ಅಂದದ್ದನ್ನು ನೀವು ನನ್ನನ್ನು ಚುಚ್ಚಲು ಬರೆದಿರಿ, ನಾನು ಅದನ್ನು ಹತ್ತು ಸಲ ಓದಿದೆ. ತರಗತಿಯಲ್ಲಿ ಓದಿ ಹೇಳಿದೆ, ಇಬ್ಬರು ಕಣ್ಣು ಒರೆಸಿಕೊಂಡರು. ಮುಂದಿನ ಕೈಪಿಡಿಯ ಮೊದಲ ಪುಟಕ್ಕೆ ಅದೇ ಮಾತು. ಇನ್ನು ಮೇಲೆ ಜಾಲಿಸುವ ನೀರಿಗೆ ಹತ್ತು ಹನಿ, ದಿಂಬಿನ ಚೀಲಕ್ಕೆ ಬೇರೆಯಾಗಿ ನಾಲ್ಕು ಹನಿ ಹಾಕಿ. ಇನ್ನೊಂದು ಬಾಟಲಿ ಕಳಿಸಿದ್ದೇನೆ. ಅದನ್ನು ಅಮ್ಮನ ಕೈಗೇ ಕೊಡಿ, ಅವಳ ಹತ್ತಿರವೇ ಇರಲಿ.

ಇತಿ,
ನಾದಿನಿ


ಮಾರ್ಚ್ 15

ನಾದಿನಿಗೆ,

ತಿಂಗಳು ಮೇಲಾಯಿತು ಬರೆದು. ಕೆಲಸವಿರುವವರಿಗೆ ಹಾಗಾಗುತ್ತದೆ.

ನಗಲಿಕ್ಕೊಂದು ವಿಷಯ ಬೇಕಾಗಿದೆ, ಅದಕ್ಕೆ ಕೇಳುತ್ತಿದ್ದೇನೆ. ನನ್ನ ಗಿರಾಕಿಯೊಬ್ಬರು ವಯಸ್ಸಾದ ಹೆಂಗಸು. ಅವರಿಗೆ ಕಾಲು, ಬೆನ್ನು, ಕತ್ತು ಎಲ್ಲಾ ಕೆರೆತ. ಚರ್ಮ ಈರುಳ್ಳಿ ಸಿಪ್ಪೆಯಂತಾಗಿದೆ. ಅವರ ಬಟ್ಟೆಗೆ ಬ್ಲೀಚ್ ನಿಲ್ಲಿಸಿದೆ, ಆ ಗುಲಾಬಿ ದ್ರಾವಣ ನಿಲ್ಲಿಸಿದೆ, ಪುಡಿಯನ್ನೂ ಅರ್ಧ ಮಾಡಿದೆ. ಕಮ್ಮಿಯಾಗಿಲ್ಲ. ನಿನ್ನ ತರಗತಿಯ ಮಹಾತಾಯಂದಿರು ಇಂಥದಕ್ಕೆ ಏನು ಮಾಡುತ್ತಾರೆ? ಇನ್ನೂ ಎರಡು ಕಿಲೋ ಮೇಕೆ ಹಿಕ್ಕೆ ಕಳಿಸು. ಗಿರಾಕಿಗೋಸ್ಕರ.

ಅತ್ತೆ ಚೆನ್ನಾಗಿದ್ದಾರೆ.

ಅತ್ತಿಗೆ


ಮಾರ್ಚ್ 24

ಅತ್ತಿಗೆಯವರಿಗೆ,

ನಿಮ್ಮ ಕಾಗದವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋಣ ಅನ್ನಿಸಿತು. ಇಪ್ಪತ್ತಾರು ವರ್ಷ ಲಾಂಡ್ರಿ ನಡೆಸಿದವರು ನನ್ನ ಹತ್ತಿರ ಒಗೆಯುವುದು ಹೇಗೆ ಎಂದು ಕೇಳುತ್ತಿದ್ದಾರೆ! ನಗಲಿಕ್ಕೆ ಅಂತೆ. ನಗಿ, ಪಾಪ.

ಆ ಗಿರಾಕಿಯ ಚರ್ಮ ತಿಂದದ್ದು ನಿಮ್ಮ ಡ್ರಮ್ಮು. ವರ್ಷಗಟ್ಟಲೆ ಬಟ್ಟೆಯ ಎಳೆಎಳೆಗೆ ಇಳಿದದ್ದು ಎರಡು ವಾರದಲ್ಲಿ ಹೋಗುತ್ತದೆಯೇ? ಎಂಟು ಕಾಯಿ, ಬೀಜ ತೆಗೆದು, ಕುದಿಸಿ, ಸೋಸಿ, ಆ ರಸದಲ್ಲೇ ಒಗೆಯಬೇಕು. ಮೂರು ನೀರು ಜಾಲಿಸಬೇಕು. ಯಂತ್ರದಲ್ಲಿ ಒಣಗಿಸದೆ ಬಿಸಿಲಿಗೆ ಹಾಕಬೇಕು. ಕೊನೆಯ ನೀರಿಗೆ ನನ್ನ ಎಣ್ಣೆ ಇಪ್ಪತ್ತು ಹನಿ. ಚರ್ಮಕ್ಕೆ ತಂಪು. ಅದನ್ನು ಮಾತ್ರ ಮರೆಯಬೇಡಿ, ಎಲ್ಲ ಇರುವುದು ಅದರಲ್ಲೇ.

ಆ ಮುದುಕಿಯ ಮನೆಯವರು ಯಾರೋ ಏನೋ. ಅಂಥ ಮೈಯನ್ನು ನೋಡಿಕೊಂಡು ಸುಮ್ಮನಿದ್ದಾರಲ್ಲ, ಕಲ್ಲೆದೆಯವರು. ಆ ಮುದುಕಿಯ ಮಗಳು ಎಲ್ಲಿ ಸತ್ತಿದ್ದಾಳೆ ಎಂದು ಕೇಳಿ ನೋಡಿ.

ನಾದಿನಿ


ಏಪ್ರಿಲ್ 20

ನಾದಿನಿಗೆ,

ಅಂಟುವಾಳ ಒಳ್ಳೆಯದೇ. ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ, ಮತ್ತೆ ಮತ್ತೆ ಬರೆಸಬೇಡ. ಜಿಡ್ಡಿಗೆ ಅದು ದಂಡ. ಹಳೆಯ ಮೆತ್ತನೆ ಹತ್ತಿಬಟ್ಟೆಗೆ, ಉಣ್ಣೆಯ ಹೊದಿಕೆಗೆ ಚೆನ್ನಾಗಿದೆ. ಬಣ್ಣ ಹೋಗುವುದಿಲ್ಲ, ಬಟ್ಟೆ ಬಿರುಸಾಗುವುದಿಲ್ಲ, ವಾಸನೆಯೂ ಉಳಿಯುವುದಿಲ್ಲ. ಗಿರಾಕಿಯ ಕಾಲು, ಬೆನ್ನು ವಾಸಿಯಾಗುತ್ತಾ ಬಂದಿದೆ. ಕತ್ತು, ಕೆನ್ನೆ ಇನ್ನೂ ಕೆಂಪಗೇ ಇದೆ.

ಎಣ್ಣೆ ಮಾತ್ರ ಕಳಿಸಬೇಡ. ಇನ್ನು ಒಂದು ಹನಿಯೂ ಬೇಡ. ಯಾಕೆ ಅಂತ ಕೇಳಬೇಡ, ನಾನು ಹೇಳುವುದಿಲ್ಲ. ಬೇಡ ಅಂದರೆ ಬೇಡ.

ಅತ್ತಿಗೆ


ಏಪ್ರಿಲ್ 29

ಅತ್ತಿಗೆಯವರಿಗೆ,

ಯಾಕೆ ಅಂತ ನೀವು ಹೇಳಬೇಕಾಗಿಲ್ಲ, ನನಗೆ ಗೊತ್ತು. ಅನ್ನ ಹಾಕುವವರು ನೀವು, ಹಾಸಿಗೆ ಬದಲಿಸುವವರು ನೀವು. ಆದರೂ ಅಮ್ಮ ದಿಂಬಿಗೆ ಮೂಗು ಒತ್ತಿಕೊಂಡು ಹುಡುಕುವುದು ನನ್ನನ್ನು. ಅದನ್ನು ನಿಮ್ಮಿಂದ ತಡೆದುಕೊಳ್ಳಲಾಗುತ್ತಿಲ್ಲ. ಅಂಟುವಾಳವನ್ನು ಹೊಗಳಿ, ಎಣ್ಣೆಗೆ ಬಾಗಿಲು ಹಾಕುತ್ತೀರಿ. ಇಷ್ಟು ಸಣ್ಣ ಬುದ್ಧಿ ನಿಮಗಿದೆ ಎಂದು ಅಣ್ಣನಿಗೆ ಗೊತ್ತಿತ್ತೋ ಇಲ್ಲವೋ.

ಇನ್ನು ಎಣ್ಣೆ ನಿಮ್ಮ ಕೈಗೆ ಬರುವುದಿಲ್ಲ. ನನ್ನ ತರಗತಿಯ ಟೈಲರ್ ಹೆಂಗಸು ಮುಂದಿನ ವಾರ ನಿಮ್ಮ ಬೀದಿಗೇ ಬರುತ್ತಿದ್ದಾಳೆ, ತಂಗಿಯ ಮನೆಗೆ. ಎರಡು ದೊಡ್ಡ ಬಾಟಲಿ ಕೊಟ್ಟಿದ್ದೇನೆ. ನೀವು ಯಂತ್ರದ ಹತ್ತಿರ ಇದ್ದಾಗ ನೇರವಾಗಿ ಹಿಂದಿನ ಕೋಣೆಗೆ ಹೋಗಿ ಅಮ್ಮನ ಕೈಗೇ ಕೊಡು, ‘ನಿಮ್ಮ ಮಗಳು ಕಳಿಸಿದ್ದು, ಧಾರಾಳವಾಗಿ ಹಾಕಿಕೊಳ್ಳಬೇಕಂತೆ’ ಎಂದು ಕಿವಿಯ ಹತ್ತಿರ ಕೂಗಿ ಹೇಳು ಅಂದಿದ್ದೇನೆ. ತಡೆಯುವುದಾದರೆ ತಡೆಯಿರಿ, ನೋಡೋಣ.

ಇತಿ,
ಅಮ್ಮನ ಮಗಳು


ಮೇ 27

ನಾದಿನಿಗೆ,

ನಿನ್ನ ಟೈಲರ್ ಹೇಳಿದ ಕೆಲಸ ಸರಿಯಾಗಿ ಮಾಡಿದ್ದಾಳೆ. ಅವಳಿಗೆ ಭೇಷ್ ಅನ್ನು. ನಿನ್ನ ಕಾಗದ ನನ್ನ ಕೈ ಸೇರುವ ಮೊದಲೇ ಬಂದು ಹೋಗಿದ್ದಳು.

ಈಗ ಕೂತು ಓದು. ಆ ಗಿರಾಕಿ ನಿಮ್ಮಮ್ಮ.

ಫೆಬ್ರುವರಿ ಕೊನೆಯಿಂದ ಅವರ ಮೈಯೆಲ್ಲ ಕೆರೆತ. ‘ಒಂದು ಗೆರೆ ಕಂಡರೂ ಕರೆದುಕೊಂಡು ಹೋಗುತ್ತೇನೆ’ ಅಂದಿದ್ದೆಯಲ್ಲ, ಅದನ್ನು ಅವರಿಗೆ ಓದಿ ಹೇಳಿದ್ದು ನಾನೇ, ತಪ್ಪು ನನ್ನದೇ. ನಿನ್ನದು ನಾಲ್ಕನೇ ಮಹಡಿಯ ಮನೆ, ಹಗಲೆಲ್ಲ ನೀನು ತರಗತಿಯಲ್ಲಿ. ಅವರು ನನ್ನ ಸೆರಗು ಹಿಡಿದುಕೊಂಡು, “ಅವಳಿಗೆ ಹೇಳ್ಬೇಡ ಕಣೇ, ಯಂತ್ರದ ಸದ್ದಿಲ್ದೆ ನಂಗೆ ನಿದ್ದೆ ಬರಲ್ಲ” ಅಂದರು. ಅದಕ್ಕೇ ಗಿರಾಕಿ ಅಂತ ಬರೆದೆ.

ಮೊದಲು ನಾನು ನಂಬಿದ್ದು ನಿನ್ನನ್ನೇ, ನಗು ಬರುತ್ತದೆ. ನನ್ನ ಬ್ಲೀಚೇ ಇರಬೇಕು, ನನ್ನ ಪುಡಿಯೇ ಇರಬೇಕು, ಗಂಡನನ್ನು ತಿಂದಿತೋ ಇಲ್ಲವೋ, ಅತ್ತೆಯನ್ನಂತೂ ತಿನ್ನುತ್ತಿದೆ ಅಂತ ಒಂದೊಂದಾಗಿ ನಿಲ್ಲಿಸಿದೆ. ಇಪ್ಪತ್ತಾರು ವರ್ಷದಲ್ಲಿ ಮೊದಲನೇ ಸಲ ಕೈಯಲ್ಲಿ ಹಿಂಡಿ ಒಗೆದೆ. ಕೊನೆಗೆ ಉಳಿದದ್ದು ನಿನ್ನ ಎಣ್ಣೆ. ಅದನ್ನು ಜಾಲಿಸುವ ನೀರಿನಿಂದ ತೆಗೆದ ಹತ್ತು ದಿನಕ್ಕೆ ಕಾಲು, ಬೆನ್ನು ಆರಿತು. ಕತ್ತು ಆರಲಿಲ್ಲ. ಯಾಕೆ ಅಂತ ದಿಂಬು ಬಿಚ್ಚಿ ನೋಡಿದರೆ ಒಳಗೆ ಒಂದು ಕರವಸ್ತ್ರ, ಎಣ್ಣೆಯಲ್ಲಿ ತೊಯ್ದು ಹೋಗಿತ್ತು. ಅವರ ಕೈಗೇ ಕೊಡಿ ಅಂತ ನೀನು ಬರೆದಿದ್ದೆ, ನಾನೂ ಕೊಟ್ಟಿದ್ದೆ.

“ಇದರಿಂದ್ಲೇ ನಿಮಗೆ ಹೀಗಾಗ್ತಿರೋದು ಅತ್ತೆ” ಅಂತ ಕೂಗಿ ಹೇಳಿದೆ. “ಗೊತ್ತು” ಅಂದರು. ನನಗಿಂತ ಮೊದಲೇ ಗೊತ್ತಿತ್ತು ಅವರಿಗೆ. “ಕಣ್ಣಿಗೆ ಕಾಣಲ್ಲ, ಕಿವಿಗೆ ಕೇಳಲ್ಲ. ಅವಳು ನಂಗೆ ಇಷ್ಟಾದ್ರೂ ಸಿಗ್ತಾಳೆ. ಕೆರೆತ ತಾನೇ, ಕೆರ್ಕೋತೀನಿ ಬಿಡು. ಎಣ್ಣೆಯಿಂದ ಅಂತ ಅವಳಿಗೆ ಮಾತ್ರ ಹೇಳ್ಬೇಡ. ಅವಳು ಹೆಮ್ಮೆಯಿಂದ ಮಾಡಿದ್ದು.”

ಬಾಟಲಿ ಕಿತ್ತುಕೊಂಡೆ. ನಿನಗೆ ಎಣ್ಣೆ ಬೇಡ ಅಂತ ಬರೆದೆ. ನೀನು ಎರಡು ಕಳಿಸಿದೆ. ಧಾರಾಳವಾಗಿ ಹಾಕಿಕೊಳ್ಳಿ ಅಂತ ಹೇಳಿಸಿದೆ. ಅವರು ಧಾರಾಳವಾಗಿಯೇ ಹಾಕಿಕೊಂಡರು. ಮೂರನೇ ದಿನ ಮುಖ ಊದಿ ಬಲಗಣ್ಣು ಮುಚ್ಚಿಹೋಯಿತು. ಕೆರೆದು ಕೆರೆದು ಕತ್ತಿನ ಚರ್ಮ ಒಡೆದು ಕೀವಾಯಿತು, ಜ್ವರ ಬಂತು. ಆರು ದಿನ ಆಸ್ಪತ್ರೆ. ಬದುಕುವುದು ಕಷ್ಟ ಅಂತ ಎರಡನೇ ದಿನ ನರ್ಸು ನನ್ನನ್ನು ಹೊರಗೆ ಕರೆದು ಹೇಳಿದಳು. ನಿನಗೆ ಫೋನು ಮಾಡೋಣ ಅಂತ ಹೊರಟರೆ, ಅತ್ತೆ ಆ ಜ್ವರದಲ್ಲೂ ಆಣೆ ನೆನಪಿಸಿ ತಡೆದರು. ಈಗ ಮನೆಗೆ ಬಂದಿದ್ದಾರೆ, ಗಂಜಿ ಕುಡಿಯುತ್ತಾರೆ, ಕಣ್ಣು ತೆರೆದಿದೆ.

ಮೈಗೆ ಯಾವುದು ಒಗ್ಗುವುದಿಲ್ಲ ಅಂತ ತಿಳಿಯಲು ಚರ್ಮದ ಡಾಕ್ಟರು ಒಂದೊಂದನ್ನೂ ಸವರಿದ ಪಟ್ಟಿಗಳನ್ನು ಅವರ ಬೆನ್ನಿಗೆ ಅಂಟಿಸಿದ್ದರು, ನೆನ್ನೆ ಬಿಚ್ಚಿ ನೋಡಿದರು. ನನ್ನ ಪುಡಿ, ಏನೂ ಇಲ್ಲ. ಗುಲಾಬಿ ದ್ರಾವಣ, ಏನೂ ಇಲ್ಲ. ಅಂಟುವಾಳದ ರಸ, ಏನೂ ಇಲ್ಲ. ನಿಂಬೆಹುಲ್ಲಿನ ಎಣ್ಣೆ, ಬೊಬ್ಬೆ ಎದ್ದಿತ್ತು.

ನನ್ನದೂ ಒಂದಿದೆ, ಅದನ್ನೂ ಬರೆದುಬಿಡುತ್ತೇನೆ. ಏಪ್ರಿಲ್‌ನಲ್ಲಿ ಇನ್ನೊಂದು ಸಾಲು ಬರೆದಿದ್ದರೆ ಸಾಕಿತ್ತು. ಅತ್ತೆಗೆ ಮಾತು ಕೊಟ್ಟಿದ್ದೆ ಅನ್ನುವುದು ನಿಜ, ಪೂರ್ತಿ ನಿಜವಲ್ಲ. ಇವಳಿಗೆ ನಾನ್ಯಾಕೆ ಕಾರಣ ಕೊಡಬೇಕು, ನನ್ನ ಮಾತಿಗೆ ಅಷ್ಟೂ ಬೆಲೆಯಿಲ್ಲವೇ ಅನ್ನುವ ಜಂಬ. ನನ್ನ ಬ್ಲೀಚಲ್ಲ, ನಿನ್ನ ಎಣ್ಣೆ ಅಂತ ಒಂದು ದಿನ ನಿನ್ನ ಮುಖದ ಮುಂದೆ ನಿಂತು ಹೇಳಬೇಕು ಅಂತ ಆ ಮಾತನ್ನು ಬಚ್ಚಿಟ್ಟುಕೊಂಡಿದ್ದೆ. ಈಗ ಹೇಳಿದ್ದೇನೆ. ಏನೂ ರುಚಿಯಾಗಲಿಲ್ಲ.

ಅತ್ತಿಗೆ


ಜೂನ್ 4

ಅತ್ತಿಗೆ,

ನಾಲ್ಕು ಸಲ ಬರೆದು ಹರಿದೆ.

ತರಗತಿಯಲ್ಲಿ ಮೂವರಿಗೆ ಹೀಗೇ ಆಗಿತ್ತು. ಒಬ್ಬಳಿಗೆ ಕೈ, ಇಬ್ಬರಿಗೆ ಕುತ್ತಿಗೆ. ಜನವರಿಗೂ ಮುಂಚೆ. ನಾನು ಅವರಿಗೆ, ಇಷ್ಟು ವರ್ಷ ಮೈಗೆ ಸೇರಿದ ವಿಷ ಹೊರಗೆ ಬರುತ್ತಿದೆ, ಒಳ್ಳೆಯ ಲಕ್ಷಣ, ಇನ್ನೂ ನಾಲ್ಕು ಹನಿ ಜಾಸ್ತಿ ಹಾಕಿ ಅಂದಿದ್ದೆ. ನಂಬಿಯೇ ಹೇಳಿದ್ದೆ. ನಂಬದಿದ್ದರೂ ಹೇಳುತ್ತಿದ್ದೆನೇನೋ, ಗೊತ್ತಿಲ್ಲ. ನಿಮಗೆ ಬರೆಯಲಿಲ್ಲ, ಬರೆದಿದ್ದರೆ ನೀವು ನಗುತ್ತಿದ್ದಿರಿ.

ಅವಳ ಮಗಳು ಎಲ್ಲಿ ಸತ್ತಿದ್ದಾಳೆ ಎಂದು ಕೇಳಿದವಳು ನಾನು. ಆ ಕಾಗದವನ್ನು ಹರಿದುಬಿಡಿ.

ಇರುವ ಎಣ್ಣೆ ಚೆಲ್ಲಿದೆ. ಪಾತ್ರೆ ತೊಳೆದೆ. ಎಷ್ಟು ತೊಳೆದರೂ ಮನೆಯೆಲ್ಲ ಅದೇ ವಾಸನೆ. ಕರೆದುಕೊಂಡು ಹೋಗುವ ಮಾತಾಡುವ ಮುಖ ನನಗಿಲ್ಲ. ಯಾವುದಾದರೂ ಶನಿವಾರ ಬಂದು ಒಂದು ಸಲ ನೋಡಿಕೊಂಡು ಹೋಗಲೇ? ನೀವು ಬೇಡ ಅಂದರೆ ಬರುವುದಿಲ್ಲ.

ನಾದಿನಿ


ಜೂನ್ 9

ನಾದಿನಿಗೆ ಆಶೀರ್ವಾದ.

‘ನೀವು ಬೇಡ ಅಂದರೆ ಬರುವುದಿಲ್ಲ’ ಅಂತೆ. ನಾನು ಎಣ್ಣೆ ಬೇಡ ಅಂದಾಗ ಈ ವಿಧೇಯತೆ ಯಾವ ಕಪಾಟಿನಲ್ಲಿತ್ತು?

ಮೊದಲು ಆ ಮೂವರು ಹೆಂಗಸರ ಮನೆಗೆ ಹೋಗು. ಕಾಗದ ಬರೆಯಬೇಡ, ಕಾಗದದಲ್ಲಿ ನಾವಿಬ್ಬರೂ ಎಷ್ಟು ಜಾಣರು ಅಂತ ನೋಡಿದ್ದಾಯಿತಲ್ಲ. ಬಾಗಿಲು ತಟ್ಟಿ ಬಾಯಿಬಿಟ್ಟು ಹೇಳು. ಆಮೇಲೆ ಇಲ್ಲಿಗೆ ಬಾ.

ಬರುವಾಗ ಕೈಯಲ್ಲಿ ಏನೂ ತರಬೇಡ. ಉಟ್ಟುಕೊಂಡು ಬರುವ ಬಟ್ಟೆಯನ್ನು ಮೂರು ಸಲ ಒಗೆ. ನಿನ್ನ ಅಂಟುವಾಳದಲ್ಲೇ ಒಗೆ, ಬಿಸಿನೀರಿನಲ್ಲಿ, ಬೀಜ ತೆಗೆದು. ಹೇಗೆ ಅಂತ ಗೊತ್ತಿಲ್ಲದಿದ್ದರೆ ಕೈಪಿಡಿ ನೋಡಬೇಡ, ಅದರಲ್ಲಿ ತಪ್ಪಿದೆ. ತಲೆಗೆ ಎಣ್ಣೆ ಬೇಡ, ಮುಖಕ್ಕೆ ಪೌಡರ್ ಬೇಡ. ಮೈಯಿಂದ ಏನೂ ವಾಸನೆ ಬರಬಾರದು. ನಾನೂ ಅತ್ತೆಯ ಬಟ್ಟೆಗೆ ಈಗ ಅಂಟುವಾಳ ಬಿಟ್ಟು ಬೇರೇನೂ ಹಾಕುತ್ತಿಲ್ಲ. ಇದನ್ನು ನಿನ್ನ ಮೊದಲ ಪುಟದಲ್ಲಿ ಹಾಕಿಕೊಂಡರೆ ಕಾಲು ಮುರಿಯುತ್ತೇನೆ.

ನೀನು ಬರುತ್ತೀಯ ಅಂತ ಅವರ ಕಿವಿಯಲ್ಲಿ ಕೂಗಿ ಹೇಳಿದೆ. ಖುಷಿಪಟ್ಟರು. ಆಮೇಲೆ ಎಣ್ಣೆ ಹಚ್ಚಿಕೊಳ್ಳದೆ ಬರುತ್ತಾಳೆ ಅಂದೆ. ಮುಖ ಸಣ್ಣದಾಯಿತು. “ಮತ್ತೆ ಬಂದೋಳು ಅವಳೇ ಅಂತ ನಂಗೆ ಹೇಗೆ ಗೊತ್ತಾಗುತ್ತೆ?” ಅಂತ ಕೇಳಿದರು. ಮಂಜು ಕಣ್ಣಿಗೆ ನೀನೂ ಒಂದೇ, ನರ್ಸೂ ಒಂದೇ. ಮುಟ್ಟಿ ನೋಡೋಣ ಅಂದರೆ, ಕೆರೆದುಕೊಳ್ಳದಿರಲಿ ಅಂತ ಸುತ್ತಿದ ಬ್ಯಾಂಡೇಜು ಕೈಗೆಲ್ಲ. ಎರಡು ದಿನ ಅದನ್ನೇ ಯೋಚಿಸುತ್ತಾ ಇಸ್ತ್ರಿ ಮಾಡಿದೆ.

ಹೀಗೆ ಮಾಡು. ಮುಂದಿನ ವಾರದ ಶನಿವಾರ ಅಂಗಡಿಯ ಬಾಗಿಲಿಗೆ ಬಂದವಳೇ, ಮೆಟ್ಟಿಲ ಮೇಲೆ ನಿಂತು, ಗಂಟಲು ಬಿಟ್ಟು ನನ್ನನ್ನು ಬೈಯಲು ಶುರು ಮಾಡು. ಬ್ಲೀಚಿಗೆ ಬೈ, ಗುಲಾಬಿ ದ್ರಾವಣಕ್ಕೆ ಬೈ, ನನ್ನ ಸಣ್ಣ ಬುದ್ಧಿಗೆ ಬೈ. ಯಂತ್ರದ ಸದ್ದು ದಾಟಿ ಹಿಂದಿನ ಕೋಣೆಗೆ ಕೇಳಬೇಕು, ಅಷ್ಟು ಜೋರಾಗಿರಲಿ. ನಾನೂ ಬಿಡುವುದಿಲ್ಲ, ತಿರುಗಿ ಕೂಗುತ್ತೇನೆ.

ಅವರಿಗೆ ಗೊತ್ತಾಗುತ್ತದೆ.

ಅತ್ತಿಗೆ